‘ಮಾಡಲ್ಪಡತಕ್ಕದ್ದು’: ಮಾಡುವವರಾರು?

ಕಳೆದ ತಿಂಗಳು ನಮ್ಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ವಿದ್ಯಾರ್ಥಿವೇತನದ ಅರ್ಜಿಯನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ತಂದನು. ತಂದೆಯಿಲ್ಲದ ಹುಡುಗ; ಎರಡು ವರ್ಷದ ಹಣ ಬಾಕಿ ನಿಂತಿದೆ. ಅರ್ಜಿಯ ಕೊನೆಯ ವಾಕ್ಯ ಹೀಗಿತ್ತು: ‘ಸದರಿ ವೇತನವು ಮಂಜೂರು ಮಾಡಲ್ಪಡಬೇಕೆಂದು ಕೋರಲ್ಪಟ್ಟಿದೆ.’

“ಏನಪ್ಪಾ, ಇಲ್ಲಿ ಕೋರಿದವರು ಯಾರು?” ಎಂದು ಕೇಳಿದೆ.

“ನಾನೇ ಸಾರ್.”

“ಮಂಜೂರು ಮಾಡಬೇಕಾದವರು?”

“ಆಫೀಸಿನವರು ಸಾರ್.”

“ಇಬ್ಬರೂ ವಾಕ್ಯದಲ್ಲಿ ಇಲ್ಲವಲ್ಲ!”

ಹುಡುಗನು ನಾಚಿಕೊಂಡು, ಕಚೇರಿಯೊಂದರಿಂದ ತನಗೆ ಬಂದಿದ್ದ ಇಂಗ್ಲಿಷ್ ಪತ್ರವನ್ನು ನನ್ನ ಮುಂದಿಟ್ಟನು. ಅದರಲ್ಲಿ ಇದ್ದುದು ಎರಡೇ ವಾಕ್ಯ. ದಾಖಲೆಗಳು ‘ಟು ಬಿ ಸಬ್ಮಿಟೆಡ್’, ಅರ್ಹತೆ ‘ಟು ಬಿ ವೆರಿಫೈಡ್’, ಹಣ ಆಮೇಲೆ ‘ಟು ಬಿ ರಿಲೀಸ್ಡ್’. ಪಾಪ, ಆ ಧಾಟಿಯೇ ದೊಡ್ಡವರ ಧಾಟಿಯೆಂದು ನಂಬಿ ಹುಡುಗನು ಅದನ್ನು ಕನ್ನಡಕ್ಕೆ ಇಳಿಸಿದ್ದನು.

ಇಂಗ್ಲಿಷ್ ವೈಯಾಕರಣರು ಈ ರೂಪವನ್ನು ಪ್ಯಾಸಿವ್ ಇನ್ಫಿನಿಟಿವ್ ಎಂದು ಕರೆಯುತ್ತಾರೆ. ‘ಟು ಡು’ ಎಂದರೆ ಮಾಡಲು. ‘ಟು ಬಿ ಡನ್’ ಎಂದರೆ, ನಾಲಗೆಗೆ ಕಷ್ಟಕೊಟ್ಟು ಹೇಳುವುದಾದರೆ, ಮಾಡಲ್ಪಡಲು. ಸಂಸ್ಕೃತ ಓದಿದವರಿಗೆ ಇದು ಸ್ವಲ್ಪ ವಿಚಿತ್ರವಾಗಿ ತೋರುತ್ತದೆ. ಅಲ್ಲಿಯ ತುಮುನ್ನಂತಕ್ಕೆ ಕರ್ಮಣಿ ರೂಪವೆಂಬುದು ಬೇರೆ ಇಲ್ಲ. ‘ಕರ್ತುಂ’ ಎಂಬುದು ಎರಡು ಪ್ರಯೋಗಗಳಲ್ಲಿಯೂ ‘ಕರ್ತುಂ’ ಆಗಿಯೇ ಇದ್ದು, ‘ಶಕ್ಯತೇ’ ಎಂಬ ಮುಖ್ಯ ಕ್ರಿಯಾಪದ ಕರ್ಮಣಿಯ ಭಾರವನ್ನು ಹೊರುತ್ತದೆ. ಹಳೆಯ ಇಂಗ್ಲಿಷಿನಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಇತ್ತು. ಒಂದೇ ರೂಪ ‘ಮಾಡಲು’ ಎಂಬುದಕ್ಕೂ ‘ಮಾಡಬೇಕಾದದ್ದು’ ಎಂಬುದಕ್ಕೂ ಸಲ್ಲುತ್ತಿತ್ತು. ‘ಟು ಬಿ ಡನ್’ ಎಂಬ ಪ್ರತ್ಯೇಕ ರೂಪ ಹಬ್ಬಿದ್ದು ಮಧ್ಯಕಾಲದ ಇಂಗ್ಲಿಷಿನಲ್ಲಿ. ಹಳೆಯದರ ಕುರುಹು ಇಂದಿಗೂ ಬಾಡಿಗೆಮನೆಯ ಬಾಗಿಲಿನಲ್ಲಿ ತೂಗುತ್ತಿರುವುದನ್ನು ವಾಚಕರು ಕಂಡಿರಬಹುದು: ‘ಹೌಸ್ ಟು ಲೆಟ್’. ಮನೆ ತನ್ನನ್ನು ತಾನೇ ಬಾಡಿಗೆಗೆ ಕೊಟ್ಟುಕೊಳ್ಳುತ್ತದೆಯೆ? ‘ಹಿ ಈಸ್ ಟು ಬ್ಲೇಮ್’ ಎಂಬುದೂ ಇದೇ ವಂಶದ್ದು; ಅವನು ನಿಂದೆಗೆ ಗುರಿಯಾಗತಕ್ಕವನು, ನಿಂದಿಸುವವನಲ್ಲ.

ಹೊಸ ರೂಪ ಬಂದದ್ದರಿಂದ ಇಂಗ್ಲಿಷಿಗೆ ಆದ ಲಾಭವನ್ನು ಅಲ್ಲಗಳೆಯಲಾರೆ. ‘ದೇರ್ ಈಸ್ ನಥಿಂಗ್ ಟು ಡು’ ಎಂದರೆ ಕೈಗೆ ಕೆಲಸವಿಲ್ಲ, ಹೊತ್ತು ಹೋಗುತ್ತಿಲ್ಲ ಎಂದು. ‘ದೇರ್ ಈಸ್ ನಥಿಂಗ್ ಟು ಬಿ ಡನ್’ ಎಂದರೆ ಇನ್ನು ಮಾಡುವಂಥದೇನೂ ಉಳಿದಿಲ್ಲ ಎಂದು. ಮೊದಲನೆಯದನ್ನು ರಜೆಯಲ್ಲಿ ಮನೆಗೆ ಬಂದ ಹುಡುಗ ಹೇಳುತ್ತಾನೆ. ಎರಡನೆಯದನ್ನು ರೋಗಿಯ ಕೋಣೆಯಿಂದ ಹೊರಬಂದ ವೈದ್ಯ ಹೇಳುತ್ತಾನೆ. ನಡುವೆ ಬಂದಿರುವ ‘ಬಿ’ ಎಷ್ಟು ಸಣ್ಣದು, ಅರ್ಥದ ದೂರ ಎಷ್ಟು ದೊಡ್ಡದು! ಹಾಗೆಯೇ, ‘ನನಗೆ ಬರೆಯುವ ಕಾಗದಗಳಿವೆ’ ಎನ್ನುವವನು ‘ಟು ರೈಟ್’ ಎನ್ನುತ್ತಾನೆ, ಬರೆಯುವವನು ತಾನೇ. ‘ಕಾಗದಗಳು ಟು ಬಿ ರಿಟನ್’ ಎಂದೊಡನೆ ಬರೆಯುವವನು ಯಾರೆಂಬುದು ಮಸುಕಾಗುತ್ತದೆ. ಯಾರಾದರೂ ಬರೆಯಲಿ, ಕೆಲಸ ಆಗಲಿ. ಈ ಮಸುಕೇ ಈ ರೂಪದ ಶಕ್ತಿ. ಇದರ ಕೇಡು ಕೂಡ ಇಲ್ಲಿಯೇ ಇದೆ.

ಕೇಡಿಲ್ಲದ ಕಡೆಗಳನ್ನು ಮೊದಲು ಹೇಳಿಬಿಡುತ್ತೇನೆ. ಔಷಧದ ಸೀಸೆಯ ಮೇಲೆ ‘ಊಟವಾದ ಮೇಲೆ ಟು ಬಿ ಟೇಕನ್’ ಎಂದಿದ್ದರೆ, ತೆಗೆದುಕೊಳ್ಳಬೇಕಾದವನು ರೋಗಿಯೆಂದು ಎಲ್ಲರಿಗೂ ಗೊತ್ತು. ಹಿಂದೆ ಇಂಗ್ಲೆಂಡಿನಲ್ಲಿ ವಿಷದ ಸೀಸೆಗಳನ್ನು ಬಣ್ಣದ ಗಾಜಿನಲ್ಲಿ, ಕತ್ತಲೆಯಲ್ಲಿ ಕೈಗೆ ತಿಳಿಯುವಂತೆ ಗೀರುಗೀರಾಗಿ ಮಾಡಿ, ಗಾಜಿನ ಮೇಲೆಯೇ ‘ನಾಟ್ ಟು ಬಿ ಟೇಕನ್’ ಎಂದು ಎರಕ ಹೊಯ್ಯುತ್ತಿದ್ದರು. ನಾಲ್ಕು ಮಾತಿನಲ್ಲಿ ಒಂದು ಜೀವ ಉಳಿಯುವುದಾದರೆ ಕರ್ತೃಪದವನ್ನು ಕೇಳುವವರಾರು? ಧಾರಾವಾಹಿಯ ಕೊನೆಯ ‘ಟು ಬಿ ಕಂಟಿನ್ಯೂಡ್’ ಕೂಡ ನಿರುಪದ್ರವಿ. ನಮ್ಮ ಪತ್ರಿಕೆಗಳು ಅದಕ್ಕೆ ‘ಮುಂದುವರಿಯುವುದು’ ಎಂದೋ ‘ಸಶೇಷ’ ಎಂದೋ ಹಾಕಿಕೊಂಡು ಬಂದಿವೆ. ಇಂಗ್ಲಿಷಿನಲ್ಲಿ ಕಥೆಯನ್ನು ಯಾರೋ ಮುಂದುವರಿಸಬೇಕು. ಕನ್ನಡದಲ್ಲಿ ಅದು ತಾನಾಗಿಯೇ ಮುಂದುವರಿಯುತ್ತದೆ. ನನಗೆ ಕನ್ನಡದ್ದೇ ಇಷ್ಟ.

ತೊಡಕು ಪ್ರಾರಂಭವಾಗುವುದು ವೃತ್ತಪತ್ರಿಕೆಯ ತಲೆಬರಹದಿಂದ. ‘ಬ್ರಿಡ್ಜ್ ಟು ಬಿ ಬಿಲ್ಟ್’ ಎಂಬ ಮಾತನ್ನು ನೋಡಿ. ‘ಈಸ್’ ಎಂಬುದನ್ನು ಜಾಗದ ಉಳಿತಾಯಕ್ಕಾಗಿ ಬಿಟ್ಟಿದ್ದಾರೆ, ಸರಿ. ಉಳಿದದ್ದು ಆಜ್ಞೆಯೆ, ಭವಿಷ್ಯವೆ, ಆಶ್ವಾಸನೆಯೆ? ಈ ರೂಪಕ್ಕೆ ಮೂರೂ ಅರ್ಥಗಳಿವೆ. ಫಾರಮು ‘ಟು ಬಿ ಫಿಲ್ಡ್’ ಎಂದರೆ ತುಂಬಲೇಬೇಕು. ಚಳಿಗಾಲದಲ್ಲಿ ಇಂಥ ಹಕ್ಕಿಗಳು ‘ಆರ್ ಟು ಬಿ ಸೀನ್’ ಎಂದರೆ ನೋಡಲು ಸಿಕ್ಕುತ್ತವೆ. ಸಭೆ ನಾಳೆ ‘ಟು ಬಿ ಹೆಲ್ಡ್’ ಎಂದರೆ ನಡೆಯಲಿದೆ. ಸೇತುವೆಯ ಸುದ್ದಿ ಈ ಮೂರರಲ್ಲಿ ಯಾವ ದಡಕ್ಕೂ ಮುಟ್ಟದೆ ನಿಂತಿರುತ್ತದೆ. ಸಂಪಾದಕೀಯಗಳ ಪ್ರೀತಿಯ ‘ಇಟ್ ರಿಮೇನ್ಸ್ ಟು ಬಿ ಸೀನ್’ ಇನ್ನೂ ಒಂದು ಹೆಜ್ಜೆ ಮುಂದೆ. ಕಾದು ನೋಡಬೇಕು, ಆದರೆ ನೋಡುವ ಹೊಣೆ ಯಾರದೂ ಅಲ್ಲ.

ಇಂಗ್ಲಿಷ್ ಬಲ್ಲವರೇ ಇದನ್ನು ಗಮನಿಸದೆ ಬಿಟ್ಟಿಲ್ಲ. ಫೌಲರ್ 1926ರ ತನ್ನ ಪ್ರಯೋಗಕೋಶದಲ್ಲಿ ಇಮ್ಮಡಿ ಕರ್ಮಣಿಯನ್ನು, ಎಂದರೆ ‘ಬಾಗಿಲು ವಾಸ್ ಅಟೆಂಪ್ಟೆಡ್ ಟು ಬಿ ಓಪನ್ಡ್’ ಎಂಬ ಬಗೆಯದನ್ನು, ಖಂಡಿಸಿದನು. ಆರ್ವೆಲ್ 1946ರ ಪ್ರಬಂಧದಲ್ಲಿ, ಕರ್ತರಿ ಸಾಧ್ಯವಿರುವಲ್ಲಿ ಕರ್ಮಣಿ ಬೇಡವೆಂದು ನಿಯಮವನ್ನೇ ವಿಧಿಸಿದನು. ಸರಕಾರಿ ನೌಕರರ ಬರವಣಿಗೆಯನ್ನು ತಿದ್ದಲೆಂದೇ ಗವರ್ಸ್ 1948ರಲ್ಲಿ ಪುಸ್ತಕ ಬರೆದನು. ಆರ್ವೆಲ್ಲನ ನಿಯಮ ನನಗೆ ಅತಿಯೆನಿಸುತ್ತದೆ. ಆ ಪ್ರಬಂಧದಲ್ಲಿಯೇ ಕರ್ಮಣಿ ವಾಕ್ಯಗಳು ಬೇಕಾದಷ್ಟಿವೆ. ಸ್ಕಾಟ್ಲೆಂಡಿನ ಜನ, ಅಮೆರಿಕದ ಪಿಟ್ಸ್‌ಬರ್ಗಿನ ಸುತ್ತಿನ ಜನ, ಪಂಡಿತರ ಗೊಡವೆಗೇ ಹೋಗದೆ ‘ಟು ಬಿ’ಯನ್ನು ನುಂಗಿ ‘ದ ಕಾರ್ ನೀಡ್ಸ್ ವಾಷ್ಡ್’ ಎನ್ನುತ್ತಾರಂತೆ. ಆಡುಮಾತಿನ ಜಾಣತನ!

ನಾವು ನಗುವ ಮುನ್ನ ಒಂದು ಮಾತು. ನಮ್ಮ ‘ಕರ್ತವ್ಯ’ವೂ ವ್ಯುತ್ಪತ್ತಿಯಿಂದ ‘ಟು ಬಿ ಡನ್’ ಎಂಬುದೇ. ಕರಣೀಯ, ಪಠನೀಯ, ಪೂಜ್ಯ, ಎಲ್ಲವೂ ಕರ್ಮಣಿಯ ಕೂಸುಗಳು. ಲ್ಯಾಟಿನ್ನಿನಿಂದ ಬಂದು ನಮ್ಮ ಕಚೇರಿಗಳಲ್ಲಿ ನೆಲೆಸಿರುವ ಅಜೆಂಡಾ ಎಂದರೆ ಮಾಡಬೇಕಾದವುಗಳು, ಮೆಮೊರಾಂಡಂ ಎಂದರೆ ನೆನಪಿಡಬೇಕಾದದ್ದು. ಆದರೆ ‘ನನ್ನ ಕರ್ತವ್ಯ’ ಎಂದು ಷಷ್ಠಿಯೊಂದನ್ನು ಮುಂದಿಟ್ಟೊಡನೆ ಮಾಡುವವನು ಪತ್ತೆಯಾಗುತ್ತಾನೆ.

ಕನ್ನಡದ ದಾರಿ ಇನ್ನೂ ಸರಳ. ‘ಓದುವ ಹುಡುಗ’ ಎಂದಾಗ ಓದುವವನು ಹುಡುಗ. ‘ಓದುವ ಪುಸ್ತಕ’ ಎಂದಾಗ ಓದಿಸಿಕೊಳ್ಳುವುದು ಪುಸ್ತಕ. ರೂಪ ಒಂದೇ. ಕುಡಿಯುವ ನೀರನ್ನು ‘ಕುಡಿಯಲ್ಪಡುವ ನೀರು’ ಎಂದು ಯಾವ ತಾಯಿಯೂ ಕರೆದಿಲ್ಲ. ‘ಪಡು’ ಎಂದರೆ ಅನುಭವಿಸು: ಕಷ್ಟಪಡು, ಭಯಪಡು. ಅದನ್ನು ಹೆಜ್ಜೆಹೆಜ್ಜೆಗೂ ಕ್ರಿಯಾಪದದ ಬಾಲಕ್ಕೆ ಕಟ್ಟಿದರೆ ವಾಕ್ಯವೇ ಕಷ್ಟಪಡುತ್ತದೆ. ಇದನ್ನು ಹಿಂದಿನವರು ಹಾಸ್ಯ ಮಾಡಿದ್ದರಿಂದಲೋ ಏನೋ ಕಚೇರಿಯ ಕನ್ನಡದಲ್ಲಿ ‘ಅಲ್ಪಡು’ ಸ್ವಲ್ಪ ಕಡಿಮೆಯಾಗಿದೆ. ಅದರ ಜಾಗದಲ್ಲಿ ‘ಲಾಗು’ ಬಂದು ಕುಳಿತಿದೆ. ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’. ಕಿವಿಗೆ ಹಿತವಾಯಿತು, ಕರ್ತೃ ಮಾತ್ರ ಹಿಂದಿರುಗಲಿಲ್ಲ. ಅಧಿಕಾರದಲ್ಲಿರುವವರು ಮರೆಯಲ್ಲಿ ನಿಂತು ಮಾತನಾಡಲು ಬಯಸುವುದು ನನಗೆ ಅರ್ಥವಾಗುತ್ತದೆ. ಹಸಿದು ಕೇಳಬಂದವನೂ ಅವರಂತೆಯೇ ಮರೆಗೆ ಸರಿದು ನಿಲ್ಲಬೇಕೆಂದು ನಾವು ಶಾಲೆಕಾಲೇಜುಗಳಲ್ಲಿ ಕಲಿಸುತ್ತಿದ್ದೇವಲ್ಲ, ಅದನ್ನು ಮಾತ್ರ ಸಹಿಸಲಾರೆ. ಕಲಿಸುವವರಲ್ಲಿ ನಾನೂ ಒಬ್ಬ. ಅರ್ಜಿಯ ಮಾದರಿಗಳನ್ನು ಕಪ್ಪುಹಲಗೆಯ ಮೇಲೆ ಬರೆದ ಕೈ ನನ್ನದೂ ಹೌದು.

ಹುಡುಗನ ವಾಕ್ಯವನ್ನು ಹೀಗೆ ತಿದ್ದಿದೆ: ‘ನನಗೆ ಎರಡು ವರ್ಷದ ವಿದ್ಯಾರ್ಥಿವೇತನ ಬಂದಿಲ್ಲ. ತಾವು ದಯವಿಟ್ಟು ಅದನ್ನು ಕೊಡಿಸಬೇಕೆಂದು ಬೇಡುತ್ತೇನೆ.’ ಅವನು ಎರಡು ಸಲ ಓದಿಕೊಂಡು, “ಇಷ್ಟು ನೇರವಾಗಿ ಬರೆದರೆ ಅವರಿಗೆ ಕೋಪ ಬರುವುದಿಲ್ಲವೆ ಸಾರ್?” ಎಂದು ಕೇಳಿದನು. ಥಟ್ಟನೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಕಡೆಗೆ ‘ಬೇಡುತ್ತೇನೆ’ ಎಂಬುದನ್ನು ಹೊಡೆದುಹಾಕಿ ‘ಕೇಳಿಕೊಳ್ಳುತ್ತೇನೆ’ ಎಂದು ಬರೆದು ಕೊಟ್ಟೆ. ಅರ್ಜಿ ಹೋಗಿ ಮೂರು ವಾರವಾಯಿತು. ಉತ್ತರ ಬಂದಿಲ್ಲ, ಹುಡುಗನು ದಿನವೂ ಅಂಚೆಯವನ ದಾರಿ ಕಾಯುತ್ತಿದ್ದಾನೆ.