ಎರವಿನ ಚಿತ್ರ

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೨೩ರ ಮೇ ತಿಂಗಳಲ್ಲಿ ಕೊಟ್ಟ ತೀರ್ಪೊಂದು ಕಲೆಯಲ್ಲಿ ಸ್ವಂತವಾವುದು, ಎರವಾವುದು ಎಂಬ ಹಳೆಯ ಪ್ರಶ್ನೆಯನ್ನು ಮತ್ತೆ ಕೆದಕಿದೆ. ಸಂಗತಿಯಿಷ್ಟು: ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ ೧೯೮೧ರಲ್ಲಿ ಪ್ರಿನ್ಸ್ ಎಂಬ ಗಾಯಕನ ಭಾವಚಿತ್ರವನ್ನು ತೆಗೆದಿದ್ದರು. ೧೯೮೪ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆಯು ೪೦೦ ಡಾಲರು ತೆತ್ತು, ಒಂದೇ ಬಾರಿಯ ಬಳಕೆಗೆಂದು ಅದನ್ನು ಪಡೆದು, ಚಿತ್ರಕಾರ ಆಂಡಿ ವಾರ್‌ಹಾಲ್ ಅವರಿಗೆ ಆಧಾರವಾಗಿ ಒದಗಿಸಿತು. ವಾರ್‌ಹಾಲ್ ಅದೊಂದರಿಂದ ೧೬ ಕೃತಿಗಳನ್ನು ಮಾಡಿದರು. ಗಾಯಕನು ೨೦೧೬ರಲ್ಲಿ ತೀರಿಕೊಂಡಾಗ, ಅಷ್ಟರಲ್ಲಿ ದಿವಂಗತರಾಗಿದ್ದ ವಾರ್‌ಹಾಲರ ಹೆಸರಿನ ಪ್ರತಿಷ್ಠಾನವು ಅವುಗಳಲ್ಲೊಂದನ್ನು ವಿಶೇಷ ಸಂಚಿಕೆಯ ಮುಖಪುಟಕ್ಕೆ ಕೊಟ್ಟು ೧೦,೨೫೦ ಡಾಲರು ಪಡೆಯಿತು. ಗೋಲ್ಡ್‌ಸ್ಮಿತ್ ಅವರಿಗೆ ಕಾಸೂ ದಕ್ಕಲಿಲ್ಲ.

ಏಳು ಮಂದಿ ನ್ಯಾಯಮೂರ್ತಿಗಳು ಛಾಯಾಗ್ರಾಹಕಿಯ ಪಕ್ಷವನ್ನು ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ. ಭಿನ್ನಮತವನ್ನು ಬರೆದ ಎಲೆನಾ ಕೇಗನ್ ಅವರು, ವೆಲಾಸ್ಕೆಸ್ ಬರೆದ ಪೋಪನ ಚಿತ್ರದಿಂದ ಫ್ರಾನ್ಸಿಸ್ ಬೇಕನ್ ತನ್ನ ಚೀರುವ ಪೋಪನನ್ನು ಪಡೆದುದನ್ನು ನೆನಪಿಸಿದರು.

ಕನ್ನಡ ಓದಿದವನಿಗೆ ಈ ವಾದ ಅಪರಿಚಿತವಲ್ಲ. ಪಂಪನೂ ಕುಮಾರವ್ಯಾಸನೂ ವ್ಯಾಸರ ಭಂಡಾರಕ್ಕೆ ಕೈಯಿಟ್ಟವರೇ. ಅವರನ್ನು ಚೋರರೆನ್ನುವ ಅರಸಿಕನಿಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಕಾವ್ಯ ಕಾವ್ಯಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ಕಾಣುತ್ತಾನೆ: ಬಿಂಬಕ್ಕೆ ಪ್ರತಿಬಿಂಬ, ವಸ್ತುವಿಗೆ ಅದರ ಚಿತ್ರ, ಒಬ್ಬ ಮನುಷ್ಯನಿಗೆ ಅವನನ್ನು ಹೋಲುವ ಮತ್ತೊಬ್ಬ ಮನುಷ್ಯ. ಮೊದಲೆರಡು ತ್ಯಾಜ್ಯ, ಮೂರನೆಯದಕ್ಕೆ ತನ್ನದೇ ಆತ್ಮವಿರುವುದರಿಂದ ದೋಷವಿಲ್ಲ. (ಚಿತ್ರವನ್ನೇ ಅನುಕರಣೆಗೆ ಉಪಮೆಯಾಗಿಸಿದ ಈ ಮಾತನ್ನು ಚಿತ್ರಕಾರರು ಕ್ಷಮಿಸಬೇಕು!)

ಈ ಒರೆಗಲ್ಲಿಗೆ ವಾರ್‌ಹಾಲರನ್ನು ಹಚ್ಚಿದರೆ ಒಂದು ಸ್ವಾರಸ್ಯ ತೋರುತ್ತದೆ. ಛಾಯಾಚಿತ್ರದ ಅಳುಕುಗಣ್ಣಿನ ತರುಣ ಇಲ್ಲಿ ಕಿತ್ತಳೆ ಬಣ್ಣದ ನೆಲದ ಮೇಲೆ ಮುಂಡವಿಲ್ಲದೆ ತೇಲುವ ಶಿರಸ್ಸು, ಜನ ಪೂಜಿಸುವ ವಿಗ್ರಹ. ಗೋಡೆಯ ಮೇಲಿರುವಾಗ ಅದು ಬೇರೆಯೇ ಮನುಷ್ಯ. ಅದೇ ಕೃತಿ ಗಾಯಕನ ಸ್ಮರಣ ಸಂಚಿಕೆಗೆ ಮುಖಪುಟವಾದಾಗ, ಗೋಲ್ಡ್‌ಸ್ಮಿತ್ ಅವರ ಚಿತ್ರ ಮಾಡಬಹುದಾಗಿದ್ದ ಕೆಲಸವನ್ನೇ ಮಾಡಿ, ಅದರ ಪೀಠದಲ್ಲಿ ಕುಳಿತುಬಿಡುತ್ತದೆ; ಅಲ್ಲಿ ನನಗದು ಪ್ರತಿಬಿಂಬವೇ. ಸೋನಿಯಾ ಸೊಟೊಮಯೋರ್ ಬರೆದ ಬಹುಮತದ ತೀರ್ಪು ಈ ಒಂದು ಬಳಕೆಗಷ್ಟೇ ಸೀಮಿತ. ಮೂಲಕೃತಿಗಳ ರಚನೆ, ಪ್ರದರ್ಶನ, ಮಾರಾಟಗಳ ವಿಚಾರದಲ್ಲಿ ಅದು ಅಭಿಪ್ರಾಯವನ್ನೇ ಹೇಳಿಲ್ಲ. ಕಲೆಯ ಕತ್ತು ಹಿಸುಕಲಾಯಿತೆಂದು ಮರುಗುವವರು ಇದನ್ನು ಗಮನಿಸಿದಂತಿಲ್ಲ.

ಪಂಪನು ವ್ಯಾಸಮುನಿಯನ್ನು ಮರೆಮಾಡಲಿಲ್ಲ. ಗದುಗಿನ ನಾರಣಪ್ಪನಂತೂ ಋಣವನ್ನು ತನ್ನ ಕಾವ್ಯನಾಮದಲ್ಲಿಯೇ ಹೊತ್ತನು. ೧೯೮೪ರ ‘ವ್ಯಾನಿಟಿ ಫೇರ್’ ಸಂಚಿಕೆಯಲ್ಲಿ ವಾರ್‌ಹಾಲರ ಚಿತ್ರದೊಂದಿಗೆ ಛಾಯಾಗ್ರಾಹಕಿಯ ಹೆಸರೂ ಅಚ್ಚಾಗಿತ್ತು. ೨೦೧೬ರ ಸಂಚಿಕೆಯಲ್ಲಿ ಆ ಹೆಸರಿರಲಿಲ್ಲ.