ಡಾಂಬರಿಲ್ಲದ ರಸ್ತೆ ಹಿಂದುಳಿದ ರಸ್ತೆಯೇ?

ಈ ಸೈಕಲ್ ಸವಾರಿಗೆ ಒಂದು ವಿಚಿತ್ರ ನಿಯಮವಿದೆ. ನಿಮ್ಮ ಸೈಕಲ್ ಹೊಸ ಮಾದರಿಯದ್ದಾದರೆ ಪ್ರವೇಶವೇ ಇಲ್ಲ! 1987ಕ್ಕೂ ಹಿಂದಿನ ಕಾಲದ ರೋಡ್ ಸೈಕಲ್ ಬೇಕು. ಗೇರ್ ಲಿವರ್ ಹ್ಯಾಂಡಲ್ ಮೇಲಲ್ಲ, ಫ್ರೇಮಿನ ಕೆಳಗಿನ ಪೈಪಿನ ಮೇಲಿರಬೇಕು. ಬ್ರೇಕ್ ವೈರು ಹ್ಯಾಂಡಲ್ ಮೇಲೆ ಕಮಾನಿನ ಹಾಗೆ ಬಾಗಿ ಹೊರಗೆ ಕಾಣಬೇಕು. ಪೆಡಲ್‌ಗೆ ಪಾದ ಬಿಗಿಯುವ ಪಟ್ಟಿ ಇರಬೇಕು. ಇಷ್ಟೆಲ್ಲ ಹೊಂದಿಸಿಕೊಂಡು ಓಡಬೇಕಾದದ್ದು ನುಣುಪಾದ ಹೆದ್ದಾರಿಯಲ್ಲಲ್ಲ, ಬಿಳಿ ಜಲ್ಲಿಯ ಮೇಲೆ.

ಇದರ ಹೆಸರು ಲೆರೋಯಿಕಾ. ಇಟಾಲಿಯನ್ ಭಾಷೆಯಲ್ಲಿ 'ವೀರೋಚಿತವಾದದ್ದು' ಎಂದರ್ಥ. ಇಟಲಿಯ ಟಸ್ಕನಿ ಪ್ರಾಂತ್ಯದ ಗಾಯೋಲೆ ಎಂಬ ಪುಟ್ಟ ಊರಿನಲ್ಲಿ 1997ರಲ್ಲಿ ಇದು ಶುರುವಾಯಿತು. ಶುರು ಮಾಡಿದವರು ಜಾಂಕಾರ್ಲೊ ಬ್ರೊಚ್ಚಿ. ಮೊದಲ ವರ್ಷ ಬಂದವರು ಬರೀ 92 ಮಂದಿ. ಈಗ ಪ್ರತಿ ಅಕ್ಟೋಬರ್‌ನಲ್ಲಿ ಬೇರೆ ಬೇರೆ ದೇಶಗಳಿಂದ ಸಾವಿರಾರು ಜನ ಬರುತ್ತಾರೆ. ಬ್ರೊಚ್ಚಿ ಅವರ ಉದ್ದೇಶ ಹಳೆಯ ಸೈಕಲ್‌ಗಳ ಮೆರವಣಿಗೆ ಮಾತ್ರ ಆಗಿರಲಿಲ್ಲ. ತಮ್ಮ ಸೀಮೆಯ ಬಿಳಿ ಜಲ್ಲಿ ರಸ್ತೆಗಳು ಒಂದೊಂದಾಗಿ ಡಾಂಬರಿನಡಿ ಸೇರಿಹೋಗುವುದನ್ನು ತಡೆಯುವುದೂ ಅವರಿಗೆ ಬೇಕಿತ್ತು.

ಡಾಂಬರು ಬೇಡ ಎನ್ನುವ ಊರು! ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಇದನ್ನು ಮೊದಲ ಸಲ ಓದಿದಾಗ ನಗು ಬಂದಿತ್ತು.

ನಕ್ಕಿದ್ದಕ್ಕೆ ಕಾರಣವಿತ್ತು. ಅದೇ ತಿಂಗಳು ನಾವು ಸರ್ವೇ ಕ್ಯಾಂಪ್ ಮುಗಿಸಿ ಬಂದಿದ್ದೆವು. ನಮ್ಮ ತಂಡಕ್ಕೆ ಸಿಕ್ಕಿದ್ದು ಎರಡು ಹಳ್ಳಿಗಳ ನಡುವಿನ ಒಂದು ಮಣ್ಣು ರಸ್ತೆ. ಟೋಟಲ್ ಸ್ಟೇಷನ್ ಹೊತ್ತುಕೊಂಡು ನಾಲ್ಕು ದಿನ ಬಿಸಿಲಲ್ಲಿ ಅಳೆದೆವು. ವರದಿಯ ಮೊದಲ ಸಾಲನ್ನು ನಾನೇ ಬರೆದೆ: 'ಈಗಿರುವುದು ಕಚ್ಚಾ ರಸ್ತೆ. ಇದೇ ಸಮಸ್ಯೆ.' ಕೊನೆಯ ದಿನ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು, "ಏನು ಅಳೀತಿದ್ದೀರಾ ಮಗಾ?" ಎಂದರು. "ಇಲ್ಲಿ ಡಾಂಬ್ರು ರೋಡ್ ಬರುತ್ತೆ ಅಂತ ಪ್ಲಾನ್ ಮಾಡ್ತಿದ್ದೀವಿ ಅಜ್ಜಿ" ಅಂದೆ. "ಬರ್ಲಿ. ಗಾಡಿ ಜೋರಾಗಿ ಬರ್ತಾವೆ. ನನ್ನ ಮೇಕೆ ಎಲ್ಲಿ ನಡೀಬೇಕು?" ಎಂದು ಕೇಳಿದರು. ನಾವು ನಕ್ಕು ಸುಮ್ಮನಾದೆವು. ನಮ್ಮ ಡ್ರಾಯಿಂಗ್‌ನಲ್ಲಿ ಮೇಕೆಗೆ ಜಾಗವಿರಲಿಲ್ಲ.

ಆಮೇಲೆ ಒಂದು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಮೊಬೈಲ್ ಹಿಡಿದು 'ಸ್ತ್ರಾದೆ ಬಿಯಾಂಕೆ' ರೇಸ್ ನೋಡಿದೆ. ಹಾಗೆಂದರೆ 'ಬಿಳಿ ರಸ್ತೆಗಳು'. ಲೆರೋಯಿಕಾದ ಪ್ರೇರಣೆಯಿಂದಲೇ 2007ರಲ್ಲಿ ಹುಟ್ಟಿದ ವೃತ್ತಿಪರ ರೇಸ್ ಇದು. 2015ರಿಂದ ಮಹಿಳೆಯರ ರೇಸ್ ಕೂಡ ನಡೆಯುತ್ತಿದೆ. ಜಗತ್ತಿನ ದೊಡ್ಡ ದೊಡ್ಡ ಸವಾರರು ಬಿಳಿ ದೂಳಿನಲ್ಲಿ ಮಿಂದು ಏದುಸಿರು ಬಿಡುತ್ತಿದ್ದರು. ಆ ದೂಳು ನನಗೆ ಪರಿಚಯದ್ದೇ ಅನ್ನಿಸಿತು. ಅಲ್ಲಿಂದ ಆ ದಾರಿಯ ಬೆನ್ನು ಹತ್ತಿದೆ. ನಾನು ಇಟಲಿ ನೋಡಿಲ್ಲ, ಪಾಸ್‌ಪೋರ್ಟ್ ಕೂಡ ಇಲ್ಲ. ಆದರೆ ಮ್ಯಾಪ್ ಓದುವುದು ನಮ್ಮ ಓದಿನ ಭಾಗ. ಮ್ಯಾಪ್ ಮೇಲೆಯೇ ಆ ದಾರಿಯನ್ನು ಹಲವು ಸಲ ಸುತ್ತಿದ್ದೇನೆ.

ಲೆರೋಯಿಕಾದ ಅತಿ ಉದ್ದದ ದಾರಿ 209 ಕಿಲೋಮೀಟರ್. ಅದರಲ್ಲಿ ಸುಮಾರು ಅರ್ಧದಷ್ಟು ಜಲ್ಲಿ. ಏರಿದ ದಿಬ್ಬಗಳನ್ನೆಲ್ಲ ಕೂಡಿಸಿದರೆ ಮೂರೂವರೆ ಸಾವಿರ ಮೀಟರಿಗೂ ಹೆಚ್ಚು. ಅಕ್ಟೋಬರ್‌ನಲ್ಲಿ ಇದನ್ನು ಒಂದೇ ದಿನದಲ್ಲಿ ಮುಗಿಸುವವರು ಇನ್ನೂ ಕತ್ತಲಿರುವಾಗಲೇ ದೀಪ ಕಟ್ಟಿಕೊಂಡು ಹೊರಡುತ್ತಾರೆ. ಉಳಿದ ದಿನಗಳಲ್ಲಿ ಯಾರು ಬೇಕಾದರೂ, ಯಾವ ಸೈಕಲ್‌ನಲ್ಲಾದರೂ ಹೋಗಬಹುದು. ದಾರಿಯುದ್ದಕ್ಕೂ ಕಾಯಂ ಫಲಕಗಳಿವೆ. ದಿನಕ್ಕೆ 40ರಿಂದ 50 ಕಿಲೋಮೀಟರ್‌ನಂತೆ ನಾಲ್ಕೈದು ಹಂತಗಳಲ್ಲಿ ಸುತ್ತುವುದು ನಮ್ಮಂಥವರಿಗೆ ಸರಿ.

ಗಾಯೋಲೆಯಿಂದ ಹೊರಟರೆ ಮೊದಲು ಸಿಗುವುದು ಬ್ರೋಲಿಯೊ ಕೋಟೆ. ಅಲ್ಲಿಗೆ ಹೋಗುವ ಜಲ್ಲಿ ದಾರಿಯ ಎರಡೂ ಬದಿ ಸೈಪ್ರೆಸ್ ಮರಗಳ ಸಾಲು. ಈ ಕೋಟೆಯ ಒಡೆಯರಲ್ಲಿ ಒಬ್ಬರಾದ ಬೆತ್ತಿನೊ ರಿಕಾಸೋಲಿ, ಒಂದುಗೂಡಿದ ಇಟಲಿಯ ಎರಡನೆಯ ಪ್ರಧಾನಿ. ಕಿಯಾಂತಿ ವೈನ್‌ಗೆ ಯಾವ ದ್ರಾಕ್ಷಿ ಎಷ್ಟು ಎಂಬ ಪಾಕ ಹೇಳಿದವರೂ ಅವರೇ. ಅಲ್ಲಿಂದ ದ್ರಾಕ್ಷಿ ತೋಟಗಳ ನಡುವೆ ಏರಿಳಿದು ಸಿಯೆನಾ ನಗರ. ಅದನ್ನು ದಾಟಿ ದಕ್ಷಿಣಕ್ಕೆ ಹೋದರೆ ಬೆಟ್ಟದ ಮೇಲೆ ಮೊಂತಾಲ್ಚಿನೊ. 1555ರಲ್ಲಿ ಸಿಯೆನಾ ಶತ್ರುಗಳ ವಶವಾದಾಗ ಅಲ್ಲಿನ ಗಣರಾಜ್ಯದವರು ಈ ಬೆಟ್ಟಕ್ಕೆ ಬಂದು ಇನ್ನೂ ನಾಲ್ಕು ವರ್ಷ ಪಟ್ಟು ಬಿಡದೆ ನಿಂತಿದ್ದರಂತೆ. ಕೆಳಗಿಳಿದರೆ ಬ್ವೊನ್‌ಕೊನ್ವೆಂತೊ. ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ಗೆ ನಡೆದು ಹೋಗುತ್ತಿದ್ದ ಯಾತ್ರಿಕರ ದಾರಿ ಹಾಯುವುದು ಇದೇ ಸೀಮೆಯಲ್ಲಿ.

ಅಲ್ಲಿಂದ ಅಶಾನೊ ಕಡೆಗೆ ತಿರುಗಿದರೆ 'ಕ್ರೆತೆ ಸೆನೆಸಿ', ಅಂದರೆ ಸಿಯೆನಾದ ಜೇಡಿಮಣ್ಣಿನ ದಿಣ್ಣೆಗಳು. ಲಕ್ಷಾಂತರ ವರ್ಷಗಳ ಹಿಂದೆ ಇದು ಸಮುದ್ರದ ತಳ. ಬಿಸಿಲಿದ್ದರೆ ದೂಳು, ಮಳೆ ಬಂದರೆ ಅಂಟು. 2010ರ ಜಿರೊ ದಿತಾಲಿಯಾ ರೇಸಿನ ಒಂದು ಹಂತ ಮಳೆಯಲ್ಲಿ ಈ ಬಿಳಿ ರಸ್ತೆಗಳ ಮೇಲೆ ಮೊಂತಾಲ್ಚಿನೊಗೆ ಬಂತು. ಗೆದ್ದವರು ಆಗಿನ ವಿಶ್ವ ಚಾಂಪಿಯನ್, ಆಸ್ಟ್ರೇಲಿಯಾದ ಕ್ಯಾಡೆಲ್ ಇವಾನ್ಸ್. ಫೋಟೊ ನೋಡಿದರೆ ಗದ್ದೆ ನಾಟಿ ಮುಗಿಸಿ ಎದ್ದು ಬಂದ ಹಾಗಿದ್ದಾರೆ. ಜೆರ್ಸಿಯ ಮೇಲಿನ ಕಾಮನಬಿಲ್ಲಿನ ಪಟ್ಟೆಯೂ ಸರಿಯಾಗಿ ಕಾಣುವುದಿಲ್ಲ.

ಲೆರೋಯಿಕಾದಲ್ಲಿ ದಾರಿಯ ನಡುವೆ ಸವಾರರಿಗೆ ಎನರ್ಜಿ ಬಾರ್ ಬದಲು ರಿಬೊಲ್ಲಿತಾ ಬಡಿಸುತ್ತಾರೆ. ಬೀನ್ಸ್ ಕಾಳು, ಸೊಪ್ಪು, ಉಳಿದ ಬ್ರೆಡ್ ಹಾಕಿ ಮಾಡುವ ಗಟ್ಟಿ ಸೂಪ್ ಅದು. ಹೆಸರಿನ ಅರ್ಥವೇ 'ಮತ್ತೆ ಕುದಿಸಿದ್ದು'. ಕುದಿಸಿದಷ್ಟೂ ಸಾರಿಗೆ ರುಚಿ ಹೆಚ್ಚು ಎನ್ನುವ ನಮ್ಮಮ್ಮನಿಗೆ ಇದನ್ನು ಹೇಳಿದಾಗ, ಇಟಲಿಯವರ ಮೇಲಿನ ಅವರ ಗೌರವ ಒಮ್ಮೆಲೇ ಏರಿತು.

ಆದರೆ ಈ ದಾರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಯೂ ಅಲ್ಲ, ಊಟವೂ ಅಲ್ಲ. ಸಿಯೆನಾದ ಒಂದು ಗೋಡೆ. ಸ್ತ್ರಾದೆ ಬಿಯಾಂಕೆ ರೇಸಿನ ಕೊನೆಯಲ್ಲಿ ಸವಾರರು ಶೇ 16ರಷ್ಟು ಕಡಿದಾದ ಒಂದು ಓಣಿಯನ್ನು ಹತ್ತಿ 'ಪಿಯಾತ್ಸಾ ದೆಲ್ ಕಾಂಪೊ' ಎಂಬ ಚೌಕಕ್ಕೆ ಇಳಿಯುತ್ತಾರೆ. (ಬಯಲು ಪ್ರದೇಶದ ರಸ್ತೆಗೆ ನಮ್ಮ ಪಠ್ಯ ಸಾಮಾನ್ಯವಾಗಿ ಒಪ್ಪುವ ಏರು 30 ಅಡಿಗೆ 1 ಅಡಿ, ಅಂದರೆ ಶೇ 3.3 ಮಾತ್ರ!) ಆ ಚೌಕದ ಅಂಚಿನಲ್ಲೇ ಹಳೆಯ ಪುರಭವನವಿದೆ. ಅದರೊಳಗಿನ ಒಂದು ಕೋಣೆಯಲ್ಲಿ ಅಂಬ್ರೋಜೊ ಲೊರೆಂಜೆಟ್ಟಿ ಎಂಬ ಕಲಾವಿದ 1338–39ರಲ್ಲಿ ಗೋಡೆಗಳ ತುಂಬ ಚಿತ್ರ ಬರೆದಿದ್ದಾನೆ. ವಿಷಯ: ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತ.

ಒಳ್ಳೆಯ ಆಡಳಿತವನ್ನು ಅವನು ಹೇಗೆ ತೋರಿಸಿದ್ದಾನೆ ಗೊತ್ತೇ? ನಗರದ ಬಾಗಿಲಿನಿಂದ ಹಳ್ಳಿಗಾಡಿಗೆ ಇಳಿಯುವ ಒಂದು ರಸ್ತೆ. ಅದರಲ್ಲಿ ಸಿರಿವಂತರು ಕುದುರೆ ಏರಿ ಬೇಟೆಗೆ ಹೊರಟಿದ್ದಾರೆ. ರೈತರು ಪ್ರಾಣಿಗಳ ಬೆನ್ನ ಮೇಲೆ ಹೇರು ಹೊರಿಸಿಕೊಂಡು ಪೇಟೆಗೆ ಬರುತ್ತಿದ್ದಾರೆ. ಒಬ್ಬ ಕಪ್ಪು ಮೈಗೆ ಬಿಳಿ ಪಟ್ಟೆಯ ಹಂದಿಯನ್ನು ಅಟ್ಟಿಕೊಂಡು ಬರುತ್ತಿದ್ದಾನೆ. ಮೇಲೆ ರೆಕ್ಕೆಯ ಹೆಂಗಸೊಬ್ಬಳು ಹಾರುತ್ತಿದ್ದಾಳೆ. ಅವಳ ಹೆಸರು 'ಸುರಕ್ಷತೆ'. ಎಲ್ಲರೂ ಅಂಜಿಕೆಯಿಲ್ಲದೆ ಓಡಾಡಲಿ ಎಂಬ ಅರ್ಥದ ಬರಹ ಅವಳ ಒಂದು ಕೈಯಲ್ಲಿ, ತಪ್ಪು ಮಾಡಿದವರಿಗೆ ಗಲ್ಲು ಇನ್ನೊಂದು ಕೈಯಲ್ಲಿ. ಕೆಟ್ಟ ಆಡಳಿತದ ಗೋಡೆಯಲ್ಲಿ ಊರು ಹಾಳು ಬಿದ್ದಿದೆ, ಹೊಲಗಳು ಬರಡಾಗಿವೆ.

ಆ ರಸ್ತೆಯ ಮೇಲೆ ಡಾಂಬರಿಲ್ಲ, ಹಂದಿಗೆ ಜಾಗವಿದೆ. ನನಗೆ ತಟ್ಟನೆ ಮೇಕೆ ಅಜ್ಜಿ ನೆನಪಾದರು. ಏಳು ಶತಮಾನಗಳ ಹಿಂದಿನ ಆ ಕಲಾವಿದ ರಸ್ತೆಯನ್ನು ಅಳೆದದ್ದು ಅದರ ಮೇಲ್ಮೈ ನೋಡಿ ಅಲ್ಲ, ಅದರ ಮೇಲೆ ಯಾರು ಯಾರು ನೆಮ್ಮದಿಯಿಂದ ನಡೆಯುತ್ತಿದ್ದಾರೆ ಎಂದು ನೋಡಿ. ಟೋಟಲ್ ಸ್ಟೇಷನ್ ಹಿಡಿದ ನಾವು ನಾಲ್ಕು ದಿನ ಅಳೆದರೂ ಅದನ್ನು ಅಳೆಯಲಿಲ್ಲ.

ರಸ್ತೆ ಯಾರನ್ನು ಹೊರುತ್ತದೆ ಎಂಬುದಕ್ಕೆ ಟಸ್ಕನಿಯದೇ ಇನ್ನೊಂದು ಕಥೆ ಇದೆ. ಜಿನೊ ಬಾರ್ತಾಲಿ ಫ್ಲಾರೆನ್ಸ್ ಪಕ್ಕದ ಹಳ್ಳಿಯವರು. 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವರು. ಈ ಎರಡು ಗೆಲುವುಗಳ ನಡುವೆ ಮಹಾಯುದ್ಧ ಬಂತು. ಜರ್ಮನ್ ಸೇನೆ ಇಟಲಿಯನ್ನು ಹಿಡಿದಿದ್ದಾಗ ಅವರು ಸೈಕಲ್ ಫ್ರೇಮಿನ ಪೈಪಿನೊಳಗೆ ಯಹೂದಿಗಳಿಗಾಗಿ ಮಾಡಿಸಿದ ನಕಲಿ ಗುರುತಿನ ಪತ್ರಗಳನ್ನು ಅಡಗಿಸಿ, ಫ್ಲಾರೆನ್ಸ್ ಮತ್ತು ಅಸ್ಸೀಸಿ ನಡುವೆ ಸಾಗಿಸುತ್ತಿದ್ದರು ಎನ್ನಲಾಗುತ್ತದೆ. ತಡೆದವರಿಗೆ 'ಪ್ರಾಕ್ಟೀಸ್ ಮಾಡುತ್ತಿದ್ದೇನೆ' ಎಂಬ ನೆಪ. ಬದುಕಿರುವವರೆಗೆ ಈ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ಅವರು ತೀರಿಕೊಂಡು 13 ವರ್ಷಗಳ ನಂತರ, 2013ರಲ್ಲಿ, ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿತು.

ಈಗ ನೀವು ಕೇಳಬಹುದು: ಇಟಲಿಯವರಿಗೆ ಇದೆಲ್ಲ ಶೋಕಿ, ಕೆಸರಲ್ಲಿ ಕಾಲು ಹೂತುಕೊಳ್ಳುವ ನಮ್ಮ ಹಳ್ಳಿಗಳಿಗೆ ಈ ಪಾಠ ಯಾಕೆ? ನ್ಯಾಯವಾದ ಪ್ರಶ್ನೆ. ನಮ್ಮೂರಿಗೆ ಡಾಂಬರು ಬಂದಾಗ ನಾನು ಐದನೇ ಕ್ಲಾಸ್. ಅದಕ್ಕೂ ಎರಡು ವರ್ಷ ಮೊದಲು, ಒಂದು ಮಳೆಗಾಲದ ರಾತ್ರಿ ತಾತನಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಮುಖ್ಯರಸ್ತೆಯಲ್ಲೇ ನಿಂತಿತು. ಅಪ್ಪ, ಚಿಕ್ಕಪ್ಪ ಸೇರಿ ತಾತನನ್ನು ಟ್ರ್ಯಾಕ್ಟರ್‌ನಲ್ಲಿ ಮಲಗಿಸಿ ಅಲ್ಲಿಯವರೆಗೆ ಕರೆದೊಯ್ದರು. ತಾತ ಉಳಿದರು, ಆದರೆ ಆ ರಾತ್ರಿ ನನಗೆ ಮರೆತಿಲ್ಲ. ಊರಿಗಿರುವ ಒಂದೇ ದಾರಿ ಮಳೆಗೆ ಮುಚ್ಚಿಹೋಗುತ್ತದೆ ಎಂದಾದರೆ ಅಲ್ಲಿ ಚರ್ಚೆಯೇ ಇಲ್ಲ, ಡಾಂಬರೋ ಕಾಂಕ್ರೀಟೋ ಬೇಕೇ ಬೇಕು. ಬ್ರೊಚ್ಚಿ ಅವರ ಸೀಮೆಯಲ್ಲೂ ಊರೂರನ್ನು ಜೋಡಿಸುವ ದೊಡ್ಡ ರಸ್ತೆಗಳಿಗೆ ಡಾಂಬರಿದೆ. ಅವರು ಉಳಿಸಿಕೊಂಡದ್ದು ತೋಟ, ಹೊಲಗಳ ನಡುವಿನ ದಾರಿಗಳನ್ನು.

ಆದರೆ ಉಳಿಸಿಕೊಳ್ಳುವುದು ಎಂದರೆ ಹಾಗೇ ಬಿಟ್ಟುಬಿಡುವುದಲ್ಲ. ನಾವು ಎಡವುವುದು ಇಲ್ಲೇ. ಜಲ್ಲಿ ರಸ್ತೆಯ ದೊಡ್ಡ ಶತ್ರು ನೀರು. ಅದಕ್ಕೇ ರಸ್ತೆಯ ನಡುವನ್ನು ಎತ್ತರಿಸಿ ಎರಡೂ ಕಡೆಗೆ ಇಳಿಜಾರು ಕೊಡಬೇಕು. ಡಾಂಬರಿಗೆ ಶೇ 2ರಿಂದ 2.5 ಇಳಿಜಾರು ಸಾಕಾದರೆ ಜಲ್ಲಿಗೆ ಶೇ 2.5ರಿಂದ 3, ಮಣ್ಣಿಗೆ ಶೇ 3ರಿಂದ 4 ಬೇಕು ಎಂದು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಬದಿಯ ಚರಂಡಿ ಹೂಳು ತುಂಬದ ಹಾಗೆ ನೋಡಬೇಕು. ವೇಗದ ವಾಹನಗಳಿಂದ ಜಲ್ಲಿಯ ಮೇಲೆ ಅಲೆ ಅಲೆಯಾಗಿ ಏಳುವ ಉಬ್ಬುಗಳನ್ನು ಆಗಾಗ ಕೆತ್ತಿ ಸಮ ಮಾಡಬೇಕು. ಇದು ರಿಬ್ಬನ್ ಕತ್ತರಿಸುವ ಕೆಲಸವಲ್ಲ, ವರ್ಷ ವರ್ಷ ಮಾಡುವ ಕೆಲಸ. ಇಷ್ಟು ಮಾಡಿದ್ದರೆ ನಮ್ಮೂರಿನ ಹಳೆಯ ರಸ್ತೆಯಲ್ಲೂ ಆಂಬುಲೆನ್ಸ್ ಬರುತ್ತಿತ್ತೇನೋ. ಇಷ್ಟು ಮಾಡದಿದ್ದರೆ ಡಾಂಬರು ಹಾಕಿದ ರಸ್ತೆಯೂ ಗುಂಡಿ ಬೀಳುತ್ತದೆ. ನಮ್ಮೂರಿನಲ್ಲಿ ಬಿದ್ದಿವೆ.

'ಸಿವಿಲ್ ತಗೊಂಡು ಏನ್ ಮಾಡ್ತೀಯ?' ಎಂದು ಕೇಳುವ ಕಾಲವಿದು. ನನ್ನ ಗೆಳೆಯರಲ್ಲಿ ಅರ್ಧ ಜನ ಕೋಡಿಂಗ್ ಕೋರ್ಸ್ ಸೇರಿದ್ದಾರೆ. ಅದು ತಪ್ಪಲ್ಲ, ಮನೆಯ ಸಾಲ ಎಲ್ಲರಿಗೂ ಇದೆ. ನನಗೂ ಕೆಲಸದ ಭಯವಿದೆ. ಆದರೆ ಈ 209 ಕಿಲೋಮೀಟರ್ ನನ್ನ ತಲೆಯೊಳಗೆ ಒಂದು ಆಸೆ ಬಿತ್ತಿದೆ. ಹೊಸದನ್ನು ಕಟ್ಟುವ ಎಂಜಿನಿಯರ್‌ಗಳ ಜೊತೆಗೆ ಇರುವುದನ್ನು ಕಾಯುವ ಎಂಜಿನಿಯರ್‌ಗಳೂ ಬೇಕು. ಅವರಲ್ಲಿ ನಾನೊಬ್ಬನಾಗಬೇಕು.

ವರದಿ ಒಪ್ಪಿಸಲು ಇನ್ನೂ ಒಂದು ವಾರವಿತ್ತು. ಗೆಳೆಯರ ಗೊಣಗಾಟದ ನಡುವೆ ಮೊದಲ ಸಾಲು ಅಳಿಸಿದೆ. ಹಳ್ಳಿಗಳನ್ನು ಕೂಡಿಸುವ ಭಾಗಕ್ಕೆ ಡಾಂಬರು, ಅದರ ಪಕ್ಕದಲ್ಲಿ ಜನ ಜಾನುವಾರು ನಡೆಯಲು ಅಗಲವಾದ ಮಣ್ಣಿನ ಅಂಚು, ಹೊಲಗಳ ಕಡೆಗೆ ಒಡೆಯುವ ಕವಲಿಗೆ ಚರಂಡಿ ಸಮೇತ ಒಳ್ಳೆಯ ಜಲ್ಲಿ ಎಂದು ತಿದ್ದಿದೆವು. ವೈವಾದಲ್ಲಿ ಸರ್ ಡ್ರಾಯಿಂಗ್ ಮೇಲೆ ಬೆರಳಿಟ್ಟು, "ಇಷ್ಟು ಅಗಲದ ಅಂಚು ಯಾಕಪ್ಪ? ಯಾರು ಓಡಾಡ್ತಾರೆ ಇಲ್ಲಿ?" ಎಂದು ಕೇಳಿದರು.

"ಮೇಕೆ, ಸರ್" ಅಂದೆ. ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ, ಟಿಕ್ ಹಾಕಿದರು.