ಶೀಶೆಗೆ ಸಂದ ಕೀರ್ತಿ

ಸಂಜೆಯಾಗುತ್ತಲೇ ಹಸುಗೂಸು ಚೀರತೊಡಗಿದರೆ ಮನೆಯ ಹಿರಿಯರ ಕೈ ಗ್ರೈಪ್ ವಾಟರ್ ಶೀಶೆಯತ್ತ ಚಾಚುತ್ತದೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ರೂಪಿಸಿದ ಈ ಮದ್ದಿನಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯಸಾರವೂ ಇತ್ತು. ಕೂಸು ಸುಮ್ಮನಾದದ್ದರಲ್ಲಿ ಅಚ್ಚರಿಯೇನು? ಮುಂದೆ ಮದ್ಯಸಾರವನ್ನು ಕೈಬಿಡಲಾಯಿತು. ಜನರ ನಂಬಿಕೆ ಮಾತ್ರ ಕದಲಲಿಲ್ಲ.

ಎಳೆಗೂಸಿನ ಈ ಅಳು ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ತಾರಕಕ್ಕೇರಿ, ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಷ್ಟರಲ್ಲಿ ನಾಲ್ಕಾರು ಶೀಶೆಗಳು ಬರಿದಾಗಿರುತ್ತವೆ, ಕೀರ್ತಿಯೆಲ್ಲ ಅವಕ್ಕೇ ಸಲ್ಲುತ್ತದೆ. ಬಜೆ ತೇಯ್ದು ನೆಕ್ಕಿಸುವ ನಮ್ಮ ರೂಢಿಗೂ, ಅದು ಮನೆಮದ್ದೆಂಬ ಕಾರಣಕ್ಕೆ, ರಿಯಾಯಿತಿ ಕೊಡಬೇಕಾಗಿಲ್ಲ.

ಮೊದಲ ಆರು ತಿಂಗಳು ಎದೆಹಾಲೇ ಸಾಕು, ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿದೆ. ಜ್ವರವೋ ವಾಂತಿಯೋ ಕಾಣಿಸಿಕೊಂಡಾಗ, ಕೂಸು ಹಾಲನ್ನೇ ಒಲ್ಲೆನೆಂದಾಗ, ಶೀಶೆಯನ್ನು ನಂಬಿ ಕಳೆದ ಒಂದೇ ರಾತ್ರಿ ಜೀವಕ್ಕೆ ಎರವಾಗಬಹುದು. ಆಸ್ಪತ್ರೆಯ ಗೋಡೆಯ ಮೇಲಿನ ಭಿತ್ತಿಪತ್ರವನ್ನು ಓದುವವರು ವಿರಳ. ಬಾಣಂತಿಯನ್ನು ಮನೆಗೆ ಕಳುಹಿಸುವ ದಿನ ವೈದ್ಯರು, ದಾದಿಯರು ಈ ಮಾತನ್ನು ಅವಳ ತಾಯಿಗೂ ಅತ್ತೆಗೂ ಎದುರಿಗೆ ಕೂರಿಸಿಕೊಂಡು ಹೇಳಬೇಕು. ಮನೆಯಲ್ಲಿ ಚಮಚ ಹಿಡಿಯುವವರು ಅವರೇ.